ಎಲ್ಡು ಡಿಸ್ಕೂ ಒಂದೇ ಡಬ್ಬೀಲಿ

ನಡುಮನೇಲಿರೋ ನಮ್ಮ ಕಂಪ್ಯೂಟರಿಗೆ ರೇಡ್ ಹಾಕಿಸಬೇಕೋ ಬ್ಯಾಡವೋ ಅಂತ ಹೋದ ದಸರದಿಂದ ಸಂಕ್ರಾಂತಿ ಗಂಟ ಮನೇಲಿ ಮಾತು ನಡೀತು. ಪಕ್ಕದ ಮನೆ ಅತ್ತಿಗೆ ಒಂದಿನ ಬಾಗಿಲಲ್ಲಿ ನಿಂತು ಕೇಳಿಸ್ಕಂಡು, "ಯಾರ ಮನೆ ಮ್ಯಾಲೆ ರೇಡ್ ಬಿತ್ತು ಕಣಮ್ಮ?" ಅಂತ ಗಾಬರಿಯಾಗಿ ಒಳಕ್ಕೆ ಬಂದ್ರು. ಲೋಕಾಯುಕ್ತದೋರ ರೇಡ್ ಅಲ್ಲ ಅತ್ತಿಗೆ, ಇದು ಡಿಸ್ಕಿನ ರೇಡು ಅಂತ ಹೇಳಿ, ಕೂರಿಸಿ ಕಾಫಿ ಕೊಟ್ಟೆ. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ. ಆಮೇಲೆ ಇನ್ನೂ ಮೂರ್ನಾಕು ಜನ ಇದನ್ನೇ ಕೇಳಿದ್ರು. ಈಗ ಎಲ್ಲರ ಮನೆ ಮದುವೆ, ನಾಮಕರಣ, ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲಾ ಆ ಒಂದು ಡಬ್ಬಿ ಒಳಗೇ ತಾನೆ ಇರೋದು.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ನಮ್ಮಂಥ ಮನೆಗೆ ರೇಡ್ ಬ್ಯಾಡ. ಆ ದುಡ್ಡಿಗೆ ಇನ್ನೊಂದು ಡಿಸ್ಕ್ ತಗಂಡು ಬೇರೆ ಯಾರದಾದ್ರೂ ಮನೇಲಿ ಇಡ್ರಿ.

ಯಾಕೆ ಅನ್ನೋದಕ್ಕೆ ನಮ್ಮಜ್ಜಿ ವಿಷಯ ಹೇಳಬೇಕು. ನಮ್ಮವ್ವನ ಅವ್ವ ಅದು. ತೌರು ಮನೆ ಮಾರಿಕಣಿವೆ ಹತ್ರ ಅಂತ ನಿಮಗೆ ಗೊತ್ತಲ್ಲ. ಸರ್ಕಾರದ ಕಾಗದದಲ್ಲಿ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಯಾವತ್ತಿದ್ರೂ ಕಣಿವೆ. 1898ರಲ್ಲಿ ಶುರು ಮಾಡಿ 1907ರಲ್ಲಿ ಕಟ್ಟಿ ಮುಗಿಸಿದ ಆ ಕಟ್ಟೆ 1933ರಲ್ಲಿ ತುಂಬಿ ಕೋಡಿ ಬಿದ್ದಾಗ ಅಜ್ಜಿಗೆ ಏಳು ವರ್ಷ. ಅವರಪ್ಪ ಗಾಡಿ ಕಟ್ಕಂಡು, ರೊಟ್ಟಿ ಬುತ್ತಿ ಕಟ್ಟಿಸ್ಕಂಡು ಮಕ್ಕಳನ್ನೆಲ್ಲ ಕೋಡಿ ನೋಡಾಕೆ ಕರ್ಕಂಡು ಹೋಗಿದ್ರಂತೆ. ನೀರಿನ ಸದ್ದಿಗೆ ಎತ್ತು ಬೆದರಿ, ಎಷ್ಟು ಹೊಡೆದ್ರೂ ಮುಂದಕ್ಕೆ ಕಾಲಿಡಲಿಲ್ಲವಂತೆ. ಕೊನೆಗೆ ಎಲ್ಲಾರೂ ಇಳಿದು ನಡ್ಕಂಡೇ ಹೋದ್ರಂತೆ. ಅಜ್ಜಿ ಇದನ್ನ ಹೇಳಬೇಕಾದ್ರೆ ಬಾಯಲ್ಲೇ ಆ ನೀರಿನ ಸದ್ದು ಮಾಡಿ ತೋರಿಸ್ತಿತ್ತು. ಹಲ್ಲಿಲ್ಲದ ಬಾಯಲ್ಲಿ ಆ ಸದ್ದು ಎಂಗೆ ಬರ್ತಿತ್ತೋ ಏನೋ, ಮಕ್ಕಳು ಮತ್ತೆ ಮತ್ತೆ ಮಾಡಿಸ್ಕಂಡು ನಗ್ತಿದ್ವು.

2017ರ ಗೌರಿ ಹಬ್ಬಕ್ಕೆ ತೌರಿಗೆ ಹೋದಾಗ ನನ್ನ ಫೋನಲ್ಲಿ ಇದನ್ನೆಲ್ಲ ತುಂಬಿಸ್ಕಂಡೆ. ಕೋಡಿ ಕತೆ ಒಂದು ಇಪ್ಪತ್ತು ನಿಮಿಷ. ಜೊತೆಗೆ ಏಳು ಪದ, ಸೋಬಾನೆ ಪದ ಮತ್ತೆ ರಾಗಿ ಬೀಸೋ ಪದ. ಚಳ್ಳಕೆರೆ ತಾಲ್ಲೂಕು ಯಲಗಟ್ಟೆ ಗೊಲ್ಲರಹಟ್ಟಿ ಸಿರಿಯಜ್ಜಿ ಹತ್ರ ಕೃಷ್ಣಮೂರ್ತಿ ಹನೂರು ಅವರಂಥ ವಿದ್ವಾಂಸರು ಹೋಗಿ ಕೂತು ಪದ ಬರ್ಕಂಡ್ರು, ಅದು ಪುಸ್ತಕ ಆತು, ನೂರಾರು ಮನೆ ಸೇರ್ತು. ನಮ್ಮಜ್ಜಿ ಹತ್ರ ಯಾರು ಬರ್ತಾರೆ? ನಾನೇ ಬರಬೇಕಿತ್ತು, ಬಂದೆ. ಆಮೇಲೆ ಫೋನಿಂದ ಕಂಪ್ಯೂಟರಿಗೆ ಹಾಕಿ, "ಹಳೇ ಫೋನ್" ಅಂತ ಹೆಸರು ಕೊಟ್ಟು ಇಟ್ಟೆ. 2018ರಲ್ಲಿ ಆ ಫೋನ್ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಗಂಡೆ. 2019ರಲ್ಲಿ ಅಜ್ಜಿ ಹೋತು.

2021ರಲ್ಲಿ ಮಕ್ಕಳಿಗೆ ಮನೇಲೇ ಕ್ಲಾಸು. ಕಂಪ್ಯೂಟರಲ್ಲಿ ಜಾಗ ಇಲ್ಲ ಅಂತ ದಿನಾ ಕೆಂಪು ಗೆರೆ ತೋರಿಸ್ತಿತ್ತು. ಒಂದು ಮಧ್ಯಾಹ್ನ ಕೂತು, ಬ್ಯಾಡದ್ದೆಲ್ಲ ತೆಗೀತೀನಿ ಅಂತ ಹೊರಟೆ. "ಹಳೇ ಫೋನ್" ಅನ್ನೋದು ಕಾಣಿಸ್ತು. ಹಳೇ ಫೋನಿಂದು ಎಲ್ಲಾ ಇನ್ನೊಂದು ಕಡೆ ಐತಲ್ಲ ಅನ್ಕಂಡು ಅಳಿಸಿದೆ. ಕಸದ ಬುಟ್ಟೀನೂ ಖಾಲಿ ಮಾಡಿದೆ. ಜಾಗ ಆತು ಅಂತ ಖುಷಿಯಾಗಿ ಎದ್ದು ಹೋಗಿ ಅನ್ನಕ್ಕೆ ಇಟ್ಟೆ.

2022ರ ಸೆಪ್ಟೆಂಬರಲ್ಲಿ, 89 ವರ್ಷ ಆದ್ಮೇಲೆ, ಕಣಿವೆ ಮತ್ತೆ ಕೋಡಿ ಬಿತ್ತು. ನೀವೆಲ್ಲ ಬಂದಿದ್ರಲ್ಲ, ಮನೆ ತುಂಬ ನೆಂಟರು, ಒಬ್ಬೊಬ್ಬರ ಫೋನಲ್ಲೂ ಇನ್ನೂರು ಮುನ್ನೂರು ಫೋಟೋ. ರಾತ್ರಿ ಉಂಡಾದ್ಮೇಲೆ ಅವ್ವ, "ಅಜ್ಜಿದು ಹಾಕೆ, ಎಲ್ಲಾರೂ ಕೇಳ್ಲಿ" ಅಂತು. ನಾನು ಕಂಪ್ಯೂಟರ್ ಮುಂದೆ ಕೂತು ಹುಡುಕಿದೆ. ಹುಡುಕಿದೆ. ಹಿಂದ್ಗಡೆ ಹತ್ತು ಹನ್ನೆರಡು ಜನ ಕಾಯ್ತಾ ಕೂತಿದ್ರು. ಆಮೇಲೆ ಏನೋ ನೆಪ ಹೇಳಿದೆ, ಕರೆಂಟು ಸರಿಯಿಲ್ಲ ಅಂತಲೋ ಏನೋ. ನಿಜ ಇವತ್ತು ಇಲ್ಲಿ ಹೇಳ್ತಿದೀನಿ.

ದುರ್ಗದಲ್ಲಿ ಒಂದು ಅಂಗಡೀಲಿ ತೋರಿಸಿದ್ವಿ. ಅಳಿಸಿದ ತಕ್ಷಣ ತಂದಿದ್ರೆ ಸಿಗ್ತಿತ್ತೇನೋ ಅಂದ್ರು. ಅಳಿಸೋದು ಅಂದ್ರೆ ಆ ಜಾಗಕ್ಕೆ "ಖಾಲಿ" ಅಂತ ಬೋರ್ಡ್ ಹಾಕಿದಂಗೆ ಅಷ್ಟೇ. ಅಲ್ಲಿ ಬೇರೇದು ಬಂದು ಕೂರೋ ಗಂಟ ಹಳೇದು ಒಳಗೇ ಇರ್ತೈತೆ. ನಾವೋ ಒಂದು ವರ್ಷ ಅದರ ಮೇಲೇ ಕ್ಲಾಸು, ಸಿನಿಮಾ, ಎಲ್ಲಾ ತುಂಬಿಸಿದ್ವಿ. ಅದಕ್ಕೇ ಹೇಳೋದು, ಕೈತಪ್ಪಿ ಏನಾದ್ರೂ ಅಳಿಸಿದ್ರೆ ಮೊದಲು ಕಂಪ್ಯೂಟರ್ ಆರಿಸ್ರಿ, ಆಮೇಲೆ ಅಳ್ರಿ. ಈಗ ಹೊಸ ಕಂಪ್ಯೂಟರಲ್ಲಿ ಬರೋ ಎಸ್‌ಎಸ್‌ಡಿ ಆದ್ರೆ ಆ ಅವಕಾಶಾನೂ ಬಹಳ ಕಮ್ಮಿ. ಅದು ಖಾಲಿ ಆದ ಜಾಗಾನ ತಾನೇ ಗುಡಿಸಿ ಇಡ್ತೈತೆ.

ಏಳು ಪದದಲ್ಲಿ ನಾಕು ಉಳ್ಕಂಡ್ವು. ಎಂಗೆ ಅಂದ್ರೆ, ಹೊಸದುರ್ಗದಲ್ಲಿರೋ ಚಿಕ್ಕಮ್ಮನ ಮಗಳು ಅವತ್ತೇ ಸಂಜೆ ಕೇಳಿ ವಾಟ್ಸಾಪಲ್ಲಿ ಹಾಕಿಸ್ಕಂಡಿದ್ಲು. ಮೂರು ಪದ, ಕೋಡಿ ಕತೆ ದೊಡ್ಡದಿದ್ವು, ಆಮೇಲೆ ಕಳಿಸ್ತೀನಿ ಅಂದಿದ್ದೆ.

ಈಗ ರೇಡಿಗೆ ಬರ್ತೀನಿ. ನನ್ನ ದೊಡ್ಡ ಮಗ ಇಂಜಿನಿಯರಿಂಗ್ ಓದ್ತಾವನೆ. ದಸರಾ ರಜಕ್ಕೆ ಬಂದೋನು, "ಅಮ್ಮ, ನಿಂಗೆ ಇನ್ಮೇಲೆ ಏನೂ ಕಳೆದೋಗದಂಗೆ ಮಾಡ್ತೀನಿ, ರೇಡ್ ಹಾಕ್ಸಾಣ" ಅಂದ. ಅವನು ಹೇಳಿದ್ದು ಸುಳ್ಳಲ್ಲ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಟ್ಜ್ ಅನ್ನೋ ಮೂವರು ಒಂದು ಪ್ರಬಂಧ ಬರೆದ್ರು. ಬಹಳ ದುಬಾರಿ ದೊಡ್ಡ ಡಿಸ್ಕ್ ಒಂದರ ಬದ್ಲಿಗೆ ಅಗ್ಗದ ಸಣ್ಣ ಡಿಸ್ಕ್ ಹಲವನ್ನ ಸೇರಿಸಿ ಕೆಲಸ ಮಾಡಿಸಬಹುದು, ಒಂದು ಕೆಟ್ಟರೂ ಕೆಲಸ ನಿಲ್ಲದಂಗೆ ಮಾಡಬಹುದು ಅನ್ನೋದು ಅದರ ಸಾರ. ರೇಡ್ ಅನ್ನೋ ಹೆಸರು ಅಲ್ಲಿಂದ ಬಂದದ್ದು.

ಮನೆಗೆ ಹೇಳೋದು ಸಾಮಾನ್ಯವಾಗಿ ರೇಡ್ ಒಂದು. ಎಲ್ಡು ಡಿಸ್ಕು, ಕನ್ನಡಿ ಇದ್ದಂಗೆ. ಇದಕ್ಕೆ ಏನು ಬರೆದ್ರೂ ಅದೇ ಗಳಿಗೇಲಿ ಅದಕ್ಕೂ ಬರೀತೈತೆ. ಎಲ್ಡು ಟಿಬಿಯ ಎಲ್ಡು ಡಿಸ್ಕ್ ಹಾಕಿದ್ರೆ ನಿಮಗೆ ಸಿಗೋ ಜಾಗ ಎಲ್ಡೇ ಟಿಬಿ. ಒಂದು ಕೆಟ್ಟರೆ ಇನ್ನೊಂದು ಇರ್ತೈತೆ, ಕಂಪ್ಯೂಟರ್ ನಿಲ್ಲದೆ ನಡೀತೈತೆ.

ನಾನು ಒಂದೇ ಪ್ರಶ್ನೆ ಕೇಳಿದೆ. "ನಾನು ಅವತ್ತು ಅಳಿಸಿದ್ನಲ್ಲ, ಆಗ ಕನ್ನಡೀಲಿ ಏನಾಗ್ತಿತ್ತಪ್ಪ?"

ಸ್ವಲ್ಪ ಹೊತ್ತು ಸುಮ್ಕಿದ್ದ. "ಅಲ್ಲೂ ಅಳಿಸೋಗ್ತಿತ್ತು" ಅಂದ.

ಹೆಪ್ಪು ಹಾಕೋರಿಗೆ ಇದು ಬೇಗ ಅರ್ಥ ಆಗ್ತೈತೆ. ಒಂದೇ ಒಲೆ ಪಕ್ಕ ಎಲ್ಡು ಗಡಿಗೇಲಿ ಹೆಪ್ಪು ಹಾಕಿದೀರ ಅನ್ಕಳ್ರಿ. ಒಂದು ಗಡಿಗೆ ಒಡೆದ್ರೆ ಇನ್ನೊಂದರಲ್ಲಿ ಮೊಸರು ಐತೆ. ರೇಡ್ ಒಂದು ಅಂದ್ರೆ ಅಷ್ಟೇ. ಆದ್ರೆ ಹಾಲೇ ಕೆಟ್ಟಿದ್ರೆ? ಬೆಕ್ಕು ನುಗ್ಗಿದ್ರೆ? ಊರಿಗೆ ಹೋಗಿ ನಾಕು ದಿನ ಬಿಟ್ಟು ಬಂದ್ರೆ? ಎಲ್ಡೂ ಒಂದೇ ಸಲ ಹೋಗ್ತವೆ. ಆಗ ನಾವೇನ್ ಮಾಡ್ತೀವಿ? ಸಣ್ಣ ಹುಡುಗನ ಕೈಗೆ ಲೋಟ ಕೊಟ್ಟು ಪಕ್ಕದ ಮನೆಗೆ ಕಳಿಸ್ತೀವಿ. ನಾಳೆ ಅವರು ನಮ್ಮನೆಗೆ ಕಳಿಸ್ತಾರೆ. ನಮ್ಮ ಓಣಿ ಮೊಸರೆಲ್ಲ ಎಷ್ಟು ಮನೆ ಸುತ್ತಿ ಬಂದ ಹೆಪ್ಪಿಂದೋ ಯಾರಿಗೆ ಗೊತ್ತು! ಹೆಪ್ಪು ಉಳಿದಿರೋದು ನಮ್ಮ ಗಡಿಗೆ ಗಟ್ಟಿ ಅಂತ ಅಲ್ಲ, ಪಕ್ಕದ ಮನೇಲೂ ಐತೆ ಅಂತ.

ಆದ್ರೂ ಮಗನ ಮಾತು ತಳ್ಳಿ ಹಾಕಬಾರದು ಅಂತ ಒಂದು ನೋಟ್‌ಬುಕ್ ತಗಂಡು, ಹತ್ತು ವರ್ಷದಲ್ಲಿ ನಮ್ಮನೇಲಿ ಏನೇನು ಕಳೆದೋತು, ಎಂಗೆ ಹೋತು ಅಂತ ಬರೆದೆ. ನೀವೂ ನಿಮ್ಮನೇದು ಬರೆದು ನೋಡ್ರಿ. 2014ರಲ್ಲಿ ಯಜಮಾನ್ರ ಫೋನ್ ಸಂಪಿಗೆ ಬಿದ್ದು ಮೈದುನನ ಗೃಹಪ್ರವೇಶದ ಫೋಟೋ ಹೋದ್ವು. ಅವು ಕಂಪ್ಯೂಟರ್ ಗಂಟ ಬಂದೇ ಇರಲಿಲ್ಲ. 2016ರಲ್ಲಿ ಹಳೇ ಡಿಸ್ಕು ಕಟಕಟ ಅಂತ ಸದ್ದು ಮಾಡಿ ಸತ್ತೋತು, ಚಿಕ್ಕವನ ಎಲ್ಡು ವರ್ಷದ ಫೋಟೋ ಅದರಲ್ಲಿದ್ವು. 2019ರ ಮುಂಗಾರಲ್ಲಿ ಸಿಡಿಲು ಹೊಡೆದು ಟೀವಿ, ಕಂಪ್ಯೂಟರಿನ ಬೋರ್ಡು ಸುಟ್ಟೋದ್ವು, ಡಿಸ್ಕು ಮಾತ್ರ ದೇವರ ದಯೆಯಿಂದ ಉಳೀತು. 2021ರಲ್ಲಿ ನಾನು. ನಾಕರಲ್ಲಿ ರೇಡು ಉಳಿಸ್ತಿದ್ದದ್ದು ಒಂದೇ ಒಂದು, ಆ ಕಟಕಟ ಅಂದದ್ದು. ಸಿಡಿಲಿಗೆ ಎಲ್ಡು ಡಿಸ್ಕೂ ಒಂದೇ ವೈರಿನಲ್ಲಿ ಕೂತಿರ್ತವೆ. ಕಳ್ಳ ಬಂದ್ರೆ ಡಬ್ಬಿ ಸಮೇತ ಹೊತ್ಕಂಡು ಹೋಗ್ತಾನೆ, ಒಂದು ಬಿಟ್ಟು ಹೋಗ್ತಾನಾ? ನಮ್ಮ ನೆಂಟರೊಬ್ಬರ ಅಂಗಡಿ ಕಂಪ್ಯೂಟರಿಗೆ ವೈರಸ್ ಬಂದು ಲೆಕ್ಕದ ಫೈಲಿಗೆಲ್ಲ ಬೀಗ ಜಡಿದು, ದುಡ್ಡು ಕೊಟ್ರೆ ತೆಗೀತೀವಿ ಅಂತ ಚೀಟಿ ತೋರಿಸ್ತು. ಅಂಥದ್ದು ಬಂದ್ರೂ ಕನ್ನಡೀಲಿರೋದಕ್ಕೂ ಬೀಗವೇ.

ಇನ್ನೊಂದು ಯಾರೂ ಹೇಳದ ವಿಷಯ. ಎಲ್ಡರಲ್ಲಿ ಒಂದು ಸತ್ತರೆ ಕಂಪ್ಯೂಟರ್ ಸುಮ್ಮನೆ ನಡೀತಾನೇ ಇರ್ತೈತೆ. ಅದೇ ಅದರ ಹೆಚ್ಚುಗಾರಿಕೆ. ಅಂಗಡಿ ಆಫೀಸಲ್ಲಿ ಅದನ್ನ ನೋಡ್ಕಳಾಕೆ ಒಬ್ಬ ಇರ್ತಾನೆ. ಮನೇಲಿ ಯಾರು ನೋಡ್ತಾರೆ? ಇನ್ವರ್ಟರ್ ಬ್ಯಾಟರಿಗೆ ನೀರು ಐತಾ ಅಂತ ನಾವು ಯಾವತ್ತು ನೋಡಿದೀವಿ? ಕರೆಂಟು ಹೋದ ದಿನ. ಹಂಗೇ ಒಂದು ಡಿಸ್ಕ್ ಸತ್ತು ಆರು ತಿಂಗಳಾಗಿದ್ರೂ, ಎಲ್ಡಿವೆ ಅಂತ ನಂಬ್ಕಂಡು ಒಂದರ ಮ್ಯಾಲೇ ಕೂತಿರ್ತೀವಿ.

ಹಂಗಂತ ರೇಡ್ ಕೆಟ್ಟದ್ದು ಅಂತ ನಾನು ಅಂತಿಲ್ಲ. ನಮ್ಮ ಅಕ್ಕನ ಮಗ ಫೋಟೋ ಸ್ಟುಡಿಯೋ ಇಟ್ಟವನೆ, ಅವನ ಹತ್ರ ಐತೆ. ನಾಕು ಡಿಸ್ಕಿನ ಡಬ್ಬಿ, ರೇಡ್ ಐದು ಅಂತೆ. ಅದು ಎಂಗೆ ಕೆಲಸ ಮಾಡ್ತೈತೆ ಅಂತ ಕೇಳಿದ್ದಕ್ಕೆ ಒಂದು ಲೆಕ್ಕ ಹೇಳಿದ. ಒಂದು ಡಿಸ್ಕಲ್ಲಿ 5, ಇನ್ನೊಂದರಲ್ಲಿ 3, ಮೂರನೇದರಲ್ಲಿ ಕೂಡಿಸಿದ 8. ಯಾವುದಾದ್ರೂ ಒಂದು ಅಳಿಸೋದ್ರೆ ಉಳಿದ ಎಲ್ಡರಿಂದ ಅದನ್ನ ಕಂಡುಹಿಡೀಬಹುದು. ನಿಜವಾಗಿ ಒಳಗಿರೋ ಲೆಕ್ಕ ಬೇರೆ ಥರದ್ದು, ಉಪಾಯ ಮಾತ್ರ ಇದೇ ಅಂದ. ಹೋದ ವೈಶಾಖದಲ್ಲಿ, ಮದುವೆ ಮ್ಯಾಲೆ ಮದುವೆ ಇದ್ದಾಗ, ಅವನ ಡಬ್ಬೀಲಿ ಒಂದು ಡಿಸ್ಕ್ ಹೋತು. ಆಲ್ಬಂ ಕೆಲಸ ಒಂದು ಗಂಟೇನೂ ನಿಲ್ಲಲಿಲ್ಲ. ಮಾರನೇ ದಿನ ಹೊಸ ಡಿಸ್ಕ್ ಹಾಕಿದ, ಅದು ತಾನೇ ಲೆಕ್ಕ ಮಾಡ್ಕಂಡು ತುಂಬಿಸ್ಕಂತು. ಅವನಿಗೆ ಅದು ಬೇಕು. ಕೆಲಸ ನಿಂತ್ರೆ ಹೆಣ್ಣಿನ ಕಡೆಯೋರು ಬಂದು ಬಾಗಿಲಲ್ಲಿ ನಿಲ್ತಾರೆ.

ಆದ್ರೆ ಅವನು ಏನಂದ ಗೊತ್ತಾ? "ಚಿಕ್ಕಮ್ಮ, ಇದು ಕೆಲಸ ನಿಲ್ಲದಂಗೆ ನೋಡ್ಕಳಾಕೆ. ಕಳೆದೋಗಿದ್ದನ್ನ ತರಾಕಲ್ಲ." ಪ್ರತಿ ಮದುವೇದೂ ಬೇರೆ ಡಿಸ್ಕಿಗೆ ಇನ್ನೊಂದು ನಕಲು ಮಾಡಿ ಮನೇಲಿ ಇಡ್ತಾನೆ. ರೇಡ್ ಇದ್ದೂ ಇಡ್ತಾನೆ. ನಮ್ಮನೇಲಿ ಕಂಪ್ಯೂಟರ್ ಎಲ್ಡು ದಿನ ನಿಂತ್ರೆ ಏನಾಗ್ತೈತೆ? ಏನೂ ಇಲ್ಲ, ಚಿಕ್ಕವನು ಹೊರಗೆ ಹೋಗಿ ಆಡ್ತಾನೆ. ನಮಗಿರೋ ಭಯ ನಿಲ್ಲೋದಲ್ಲ, ಕಳಕೊಳ್ಳೋದು.

ರೇಡ್ ಸೊನ್ನೆ ಅಂತ ಒಂದೈತೆ, ಅದರ ಬಗ್ಗೆ ಮಾತ್ರ ಹುಷಾರು. ಅಂಗಡಿ ಹುಡುಗ "ಸ್ಪೀಡ್ ಬರ್ತೈತೆ ಅಕ್ಕ, ಜಾಗಾನೂ ಡಬಲ್" ಅಂದ. ಅದು ನಿಜವೇ. ಆದ್ರೆ ಅದರಲ್ಲಿ ಎರಡನೇ ಪ್ರತಿ ಅನ್ನೋದೇ ಇಲ್ಲ. ಒಂದು ಪುಸ್ತಕದ ಬೆಸ ಪುಟ ಒಂದು ಕಪಾಟಲ್ಲಿ, ಸರಿ ಪುಟ ಇನ್ನೊಂದು ಕಪಾಟಲ್ಲಿ ಇಟ್ಟಂಗೆ. ಒಂದು ಕಪಾಟಿಗೆ ಗೆದ್ಲು ಹಿಡಿದ್ರೆ ಪುಸ್ತಕವೇ ಹೋತು. ಹೆಸರಲ್ಲಿ ರೇಡ್ ಐತೆ ಅಂತ ಮೋಸ ಹೋಗಬ್ಯಾಡ್ರಿ.

ಈ ಜಗಳದ ಮಧ್ಯೆ ನನಗೆ ನೆನಪಾಗಿದ್ದು ಮೊಳಕಾಲ್ಮೂರು ಕಡೆಗೆ ಹೋಗಿದ್ದು. ದೊಡ್ಡವನು ಹೈಸ್ಕೂಲಲ್ಲಿದ್ದಾಗ ಅಶೋಕನ ಶಾಸನ ತೋರ್ಸಾಣ ಅಂತ ಕರ್ಕಂಡು ಹೋಗಿದ್ವಿ. ನಮ್ಮ ಜಿಲ್ಲೇಲಿ ಅವು ಮೂರು ಕಡೆ ಅವೆ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದ್ದು. ಮೂರರಲ್ಲೂ ಇರೋದು ಹೆಚ್ಚು ಕಮ್ಮಿ ಅದೇ ಆಜ್ಞೆ, ಒಂದಕ್ಕೊಂದು ಕೆಲವೇ ಮೈಲಿ ದೂರ. ಜಟಿಂಗ ರಾಮೇಶ್ವರದ ಬಂಡೆಗೆ ಬಳೆಗಾರ ಗುಂಡು ಅಂತಾರೆ, ಜಾತ್ರೇಲಿ ಬಳೆ ಮಾರೋರು ಅಲ್ಲಿ ಕೂರ್ತಿದ್ರಂತೆ. ಅಲ್ಲಿ ಅಕ್ಷರ ಬಹಳ ಸವೆದೋಗವೆ. ಆದ್ರೂ ಅಲ್ಲಿ ಏನಿತ್ತು ಅಂತ ಗೊತ್ತಾಗ್ತೈತೆ, ಉಳಿದ ಎಲ್ಡು ಬಂಡೆ ಐತಲ್ಲ. ಮೂರನ್ನೂ ಒಂದೇ ಬಂಡೆ ಮ್ಯಾಲೆ ಪಕ್ಕ ಪಕ್ಕ ಕೆತ್ತಿದ್ರೆ ಮೂರೂ ಒಟ್ಟಿಗೇ ಸವೀತಿದ್ವು. ಮಗನಿಗೆ ಇದನ್ನ ಹೇಳಿದ್ದಕ್ಕೆ, "ಅಮ್ಮ, ಅಶೋಕ ಬ್ಯಾಕಪ್ ಮಾಡಾಕೆ ಕೆತ್ತಿಸಿದ್ದಲ್ಲ, ಜನ ಓದ್ಲಿ ಅಂತ ಕೆತ್ತಿಸಿದ್ದು" ಅಂದ. ಸರಿ, ಇರಬಹುದು. 2200 ವರ್ಷದ ಮ್ಯಾಲಾತು, ಇನ್ನೂ ಓದ್ತಾವರಲ್ಲ.

ಈಗ ನಾವು ಮಾಡ್ಕಂಡಿರೋದು ಇಷ್ಟು. ನಮ್ಮದೆಲ್ಲ ಸೇರಿ ಇನ್ನೂರು ಜಿಬಿ ಒಳಗೇ ಬರ್ತೈತೆ. ರೇಡಿಗೆ ಅಂತ ಇಟ್ಟಿದ್ದ ದುಡ್ಡಲ್ಲಿ ಹೊರಗಿಂದ ಚುಚ್ಚೋ ಡಿಸ್ಕ್ ಎಲ್ಡು ತಗಂಡ್ವಿ. ಬೇಕಂತಲೇ ಬೇರೆ ಬೇರೆ ಕಂಪನೀದು, ಯಾಕಂದ್ರೆ ಒಂದೇ ದಿನ ಒಂದೇ ಕಡೆ ತಯಾರಾದವು ಒಂದೇ ಕಾಲಕ್ಕೆ ಕೆಡೋದೂ ಉಂಟು. ಒಂದು ಬೀರುವಲ್ಲಿ ಸೀರೆ ಮಧ್ಯೆ ಇರ್ತೈತೆ. ಅಮಾವಾಸ್ಯೆ ದಿನ ಮಾತ್ರ ತೆಗೆದು, ಚುಚ್ಚಿ, ನಕಲು ಮಾಡಿ, ಕಿತ್ತು ಒಳಗೆ ಇಡ್ತೀನಿ. ಅಂಗಡಿಯೋರು ಅಮಾವಾಸ್ಯೆ ಪೂಜೆ ಮಾಡ್ತಾರಲ್ಲ, ಹಂಗೆ ನೆನಪಿರ್ತೈತೆ. ಕಿತ್ತಿಡೋದು ಮುಖ್ಯ. ಸದಾ ಚುಚ್ಚೇ ಇದ್ರೆ ಸಿಡಿಲಿಗೂ ವೈರಸ್ಸಿಗೂ ಅದೂ ಒಂದೇ, ರೇಡೂ ಒಂದೇ.

ಎರಡನೇದು ಹೊಳಲ್ಕೆರೇಲಿ ತಂಗಿ ಮನೇಲಿ. ಯುಗಾದಿಗೆ ನಾವು ಅಲ್ಲಿಗೆ ಹೋಗ್ತೀವಿ, ಗೌರಿ ಹಬ್ಬಕ್ಕೆ ಅವಳು ಬಾಗಿನ ತಗಳಾಕೆ ಇಲ್ಲಿಗೆ ಬರ್ತಾಳೆ. ಆಗ ಡಿಸ್ಕೂ ಓಡಾಡ್ತೈತೆ. ಅವಳ ಮಕ್ಕಳ ಫೋಟೋ ನಮ್ಮ ಡಿಸ್ಕಲ್ಲಿ, ನಮ್ಮವು ಅವಳದರಲ್ಲಿ. ಪಹಣಿ, ಆಧಾರ್ ಇರೋ ಫೈಲಿಗೆ ಮಾತ್ರ ಪಾಸ್‌ವರ್ಡ್ ಹಾಕಿದೀವಿ, ಅದನ್ನ ಬರೆದ ಚೀಟಿ ಎಲ್ಲೈತೆ ಅಂತ ಯಜಮಾನ್ರಿಗೂ ಗೊತ್ತು. ಬಂದಾಗ ಸುಮ್ಮನೆ ಚುಚ್ಚಿ ಇಡಾದಲ್ಲ, ನಾಕು ಫೋಟೋ ತೆರೆದು ನೋಡ್ತೀವಿ, ಅಜ್ಜಿ ಒಂದು ಪದ ಕೇಳ್ತೀವಿ. ತೆರೆದು ನೋಡದ ನಕಲು ನಕಲೇ ಅಲ್ಲ, ಅದು ನಂಬಿಕೆ. ಪೆನ್‌ಡ್ರೈವನ್ನ ಇದಕ್ಕೆ ನಂಬಬ್ಯಾಡ್ರಿ, ಅದು ಹೊತ್ಕಂಡು ಓಡಾಡಾಕೆ ಸರಿ. ಗೂಗಲ್ಲಿಗೆ ಹಾಕಬಹುದಲ್ಲ ಅಂತೀರ. ಹಾಕ್ರಿ, ಅದೂ ಬೇರೆ ಮನೆಯೇ. ಪುಕ್ಕಟೆ ಸಿಗೋದು 15 ಜಿಬಿ, 2021ರ ಜೂನಿಂದ ಫೋಟೋನೂ ಅದೇ ಲೆಕ್ಕಕ್ಕೆ ಸೇರ್ತವೆ. ಅಜ್ಜಿ ಪದ, ಜಮೀನಿನ ಕಾಗದ ಇಂಥ ಮುಖ್ಯವಾದವಕ್ಕೆ ಸಾಕು.

ಮಗ ಇನ್ನೂ ಪೂರ್ತಿ ಒಪ್ಪಿಲ್ಲ. ಡಿಸ್ಕ್ ಕೆಟ್ಟ ದಿನ ಅಮಾವಾಸ್ಯೆಯಿಂದ ಈಚೆಗಿನದ್ದು ಹೋಗ್ತೈತಲ್ಲ ಅಂತಾನೆ. ಆ ಮಾತು ನಿಜ, ರೇಡ್ ಇದ್ರೆ ಆ ದಿನಗಳೂ ಉಳೀತಿದ್ವು. ಅವನಿಗೆ ಕೆಲಸ ಸಿಕ್ಕ ಮೇಲೆ ಅವನ ದುಡ್ಡಲ್ಲಿ ಹಾಕಿಸಲಿ, ನನ್ನದೇನೂ ಅಡ್ಡಿ ಇಲ್ಲ. ತಂಗಿ ಮನೆ ಡಿಸ್ಕ್ ಮಾತ್ರ ನಿಲ್ಲಬಾರದು.

2025ರ ಜನವರೀಲಿ ಕಣಿವೆ ಮತ್ತೆ ಕೋಡಿ ಬಿದ್ದಾಗ ಅವ್ವನ್ನ ಕರ್ಕಂಡು ಹೋಗಿ, ಅಜ್ಜಿ ಹೇಳ್ತಿದ್ದ ಗಾಡಿ ಕತೆ ಅವ್ವನ ಬಾಯಲ್ಲಿ ಹೇಳಿಸಿ ತುಂಬಿಸ್ಕಂಡೆ. ಎತ್ತು ನಿಂತಿದ್ದರ ಗಂಟ ಚೆನ್ನಾಗಿ ಹೇಳ್ತು. ನೀರಿನ ಸದ್ದು ಮಾಡವ್ವ ಅಂದ್ರೆ, "ಅದು ನಂಗೆ ಬರಲ್ಲ ಕಣೆ" ಅಂತು.

ಅದಕ್ಕೆ ನಿಮ್ಮನ್ನ ಒಂದು ಕೇಳ್ಕಂತೀನಿ. 2017ರ ಗೌರಿ ಹಬ್ಬಕ್ಕೆ ತೌರಿಗೆ ಬಂದಿದ್ದೋರು, ಅವತ್ತು ಜಗಲಿ ಮ್ಯಾಲೆ ಅಜ್ಜಿ ಸುತ್ತ ಕೂತಿದ್ದೋರು, ನಿಮ್ಮಲ್ಲಿ ಇನ್ನೂ ಇಬ್ಬರು ಮೂವರು ಫೋನ್ ಹಿಡ್ಕಂಡಿದ್ದು ನನಗೆ ನೆನಪೈತೆ. ಆ ಹಳೇ ಫೋನು ಡ್ರಾಯರಲ್ಲೋ, ಮಕ್ಕಳ ಆಟದ ಸಾಮಾನಲ್ಲೋ ಬಿದ್ದಿದ್ರೆ ಒಂದ್ಸಲ ಚಾರ್ಜಿಗೆ ಹಾಕಿ ನೋಡ್ರಿ. ಏನೂ ಅಳಿಸಬ್ಯಾಡ್ರಿ. ಬಿಸಿಲು ಹೊತ್ತಾದ್ರೂ ಸರಿ, ಒಂದು ಫೋನ್ ಮಾಡ್ರಿ, ನಾನೇ ಬಸ್ ಹತ್ಕಂಡು ಬರ್ತೀನಿ.